ಕ್ರಾಸ್ಬಿಯ ಕಡಲಲ್ಲಿ ನೂರು ಕಬ್ಬಿಣದ ಮನುಷ್ಯರು

ಲಿವರ್‌ಪೂಲ್ ನಗರದ ಮಧ್ಯದಿಂದ ಉತ್ತರದ ಸೌತ್‌ಪೋರ್ಟಿಗೆ ಹೋಗುವ ವಿದ್ಯುತ್ ರೈಲನ್ನು ಹತ್ತಿದರೆ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ‘ಬ್ಲಂಡಲ್‌ಸ್ಯಾಂಡ್ಸ್ ಮತ್ತು ಕ್ರಾಸ್ಬಿ’ ಎಂಬ ಜೋಡಿ ಹೆಸರಿನ ನಿಲ್ದಾಣ ಬರುತ್ತದೆ. ಹಡಗುಕಟ್ಟೆಗಳು, ಹಳೆಯ ಉಗ್ರಾಣಗಳು, ಕೆಂಪು ಇಟ್ಟಿಗೆಯ ಸಾಲುಮನೆಗಳು ಒಂದೊಂದಾಗಿ ಹಿಂದೆ ಸರಿದು, ಇಲ್ಲಿಗೆ ಬರುವಷ್ಟರಲ್ಲಿ ಊರು ಶಾಂತವಾಗಿರುತ್ತದೆ. ನಿಲ್ದಾಣದಿಂದ ಪಡುವಣಕ್ಕೆ ನಡೆಯುತ್ತ ಹೋದರೆ ತೋಟದ ಮನೆಗಳ ಬೀದಿಗಳು ಮುಗಿದು, ಹುಲ್ಲು ಬೆಳೆದ ಮರಳದಿಬ್ಬಗಳು ಎದುರಾಗುತ್ತವೆ. ಅವುಗಳ ಆಚೆಗೆ ಐರಿಷ್ ಸಮುದ್ರ.

ಇಂಗ್ಲೆಂಡಿನ ಕಡಲತೀರಗಳಲ್ಲಿ ಇದೇನೂ ಅತಿ ಸುಂದರವಾದುದಲ್ಲ. ನೀರಿನ ಬಣ್ಣ ಬೂದು. ಮರಳಿನಲ್ಲಿ ಕೆಸರಿನ ಅಂಶವೇ ಹೆಚ್ಚು. ಗಾಳಿಗೆ ಬಿಡುವೆಂಬುದೇ ಇಲ್ಲ. ಆದರೂ ದೂರದೂರದಿಂದ ಜನ ಇಲ್ಲಿಗೆ ಬರುತ್ತಾರೆ. ದಿಬ್ಬವನ್ನು ದಾಟಿ ತೀರದ ಕಟ್ಟೆಯ ಮೇಲೆ ನಿಂತ ಕೂಡಲೆ ಅದರ ಕಾರಣ ಕಣ್ಣಿಗೆ ಬೀಳುತ್ತದೆ. ಮರಳಿನ ಮೇಲೆ, ನೀರಿನ ಅಂಚಿನಲ್ಲಿ, ಇನ್ನೂ ಆಚೆ ಅಲೆಗಳ ನಡುವೆ, ಒಬ್ಬೊಬ್ಬರೇ ಮನುಷ್ಯರು ನಿಂತಿದ್ದಾರೆ. ಎಲ್ಲರೂ ದಡಕ್ಕೆ ಬೆನ್ನು ಮಾಡಿದ್ದಾರೆ. ಎಲ್ಲರ ದೃಷ್ಟಿಯೂ ದಿಗಂತದ ಕಡೆಗೇ. ಕೈಗಳು ಪಕ್ಕದಲ್ಲಿ ಇಳಿಬಿದ್ದಿವೆ, ಮೈಮೇಲೆ ಬಟ್ಟೆಯಿಲ್ಲ. ನೀರು ಕುತ್ತಿಗೆಯವರೆಗೆ ಬಂದರೂ ಅವರಲ್ಲಿ ಯಾರೂ ಕದಲುವುದಿಲ್ಲ.

ಇವು ಎರಕ ಹೊಯ್ದ ಕಬ್ಬಿಣದ ಪ್ರತಿಮೆಗಳು. ಸಂಖ್ಯೆ ೧೦೦. ಒಂದೊಂದರ ಎತ್ತರ ೧೮೯ ಸೆಂಟಿಮೀಟರ್, ಎಂದರೆ ಆರು ಅಡಿಗಿಂತ ತುಸು ಹೆಚ್ಚು. ತೂಕ ಸುಮಾರು ೬೫೦ ಕಿಲೋಗ್ರಾಂ. ತೀರದ ಉದ್ದಕ್ಕೆ ಸುಮಾರು ಎರಡು ಮೈಲಿ, ಕಡಲಿನ ಕಡೆಗೆ ಸುಮಾರು ಒಂದು ಕಿಲೋಮೀಟರ್ ದೂರದವರೆಗೆ ಇವು ಹರಡಿಕೊಂಡಿವೆ. ಮರಳಿನ ಆಳಕ್ಕೆ ಇಳಿಸಿದ ಕಂಬಗಳ ಮೇಲೆ ಇವನ್ನು ನಿಲ್ಲಿಸಲಾಗಿದೆ. ಕೆಲವು ಮೊಣಕಾಲಿನವರೆಗೆ ಮರಳಿನಲ್ಲಿ ಹೂತಿವೆ, ಕೆಲವು ಪಾದದ ಮೇಲೆ ಪೂರ್ತಿಯಾಗಿ ನಿಂತಿವೆ. ಈ ಕೃತಿಯ ಹೆಸರು ‘ಅನದರ್ ಪ್ಲೇಸ್’. ಕನ್ನಡದಲ್ಲಿ ‘ಮತ್ತೊಂದು ಸ್ಥಳ’ ಎನ್ನಬಹುದು. ಇದರ ಕರ್ತೃ ಆಂಗ್ಲ ಶಿಲ್ಪಿ ಆಂಟನಿ ಗಾರ್ಮ್ಲಿ.

ಉಸಿರಿನ ಅಚ್ಚು

ಗಾರ್ಮ್ಲಿಯವರು ಹುಟ್ಟಿದ್ದು ೧೯೫೦ರಲ್ಲಿ, ಲಂಡನ್ನಿನಲ್ಲಿ. ಕೇಂಬ್ರಿಜ್‌ನಲ್ಲಿ ಪುರಾತತ್ತ್ವ, ಮಾನವಶಾಸ್ತ್ರ ಮತ್ತು ಕಲೆಯ ಇತಿಹಾಸಗಳನ್ನು ಓದಿದ ಮೇಲೆ, ೧೯೭೧ರಿಂದ ೧೯೭೪ರವರೆಗೆ ಭಾರತ ಮತ್ತು ಶ್ರೀಲಂಕೆಗಳಲ್ಲಿ ಸಂಚರಿಸಿದರು. ಸತ್ಯನಾರಾಯಣ ಗೋಯೆಂಕಾ ಅವರಿಂದ ವಿಪಶ್ಯನ ಧ್ಯಾನವನ್ನು ಕಲಿತದ್ದು ಆ ದಿನಗಳಲ್ಲಿಯೇ. ಕಣ್ಣು ಮುಚ್ಚಿ ಕುಳಿತು, ಮೂಗಿನ ತುದಿಯಲ್ಲಿ ಬಂದುಹೋಗುವ ಉಸಿರನ್ನು ಗಮನಿಸುವುದು, ಬಳಿಕ ಮೈಯ ಒಂದೊಂದು ಭಾಗದಲ್ಲಿಯೂ ಏಳುವ ಸಂವೇದನೆಯನ್ನು ನೋಡುತ್ತ ಹೋಗುವುದು ಆ ಧ್ಯಾನದ ಕ್ರಮ. ದೇಹವೆಂಬುದು ಹೊರಗಿನಿಂದ ನೋಡತಕ್ಕ ರೂಪ ಮಾತ್ರವಾಗಿರದೆ ಒಳಗಿನಿಂದ ವಾಸಿಸತಕ್ಕ ಮನೆಯೂ ಹೌದೆಂಬ ಭಾವನೆ ಅವರಲ್ಲಿ ಬೇರೂರಿದ್ದು ಅಲ್ಲಿ.

ನಮ್ಮ ದೇಶದ ಮತ್ತೊಂದು ನೋಟವೂ ಅವರ ಮನಸ್ಸಿನಲ್ಲಿ ಉಳಿಯಿತು. ರೈಲು ನಿಲ್ದಾಣಗಳಲ್ಲಿ, ಬೀದಿಗಳ ಪಕ್ಕದಲ್ಲಿ, ತಲೆಯಿಂದ ಕಾಲಿನವರೆಗೆ ಧೋತರವನ್ನೋ ಸೀರೆಯನ್ನೋ ಹೊದ್ದು ಮಲಗಿದ ಜನರನ್ನು ನಾವು ನೋಡಿಯೂ ನೋಡದಂತೆ ದಾಟಿಹೋಗುತ್ತೇವೆ. ಆ ತರುಣ ಪ್ರವಾಸಿ ಅವರನ್ನು ನಿಂತು ನೋಡಿದರು. ಮುಖವಿಲ್ಲ, ಹೆಸರಿಲ್ಲ, ಬಟ್ಟೆಯ ಅಡಿಯಲ್ಲಿ ಉಸಿರಾಡುವ ಒಂದು ಆಕಾರ. ಊರಿಗೆ ಮರಳಿದ ಮೇಲೆ ಮಲಗಿದ ಗೆಳೆಯನೊಬ್ಬನ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿ, ಅದು ಗಟ್ಟಿಯಾದ ಬಳಿಕ ಆತನನ್ನು ಹೊರಗೆ ಬಿಟ್ಟು, ಉಳಿದ ಪೊಳ್ಳು ಚಿಪ್ಪನ್ನೇ ಶಿಲ್ಪವಾಗಿಸಿದರು. ‘ಮಲಗುವ ಸ್ಥಳ’ ಎಂಬ ಅರ್ಥದ ಹೆಸರುಳ್ಳ ಆ ಕೃತಿಯಲ್ಲಿ ಅವರ ಮುಂದಿನ ಜೀವಿತದ ಕೆಲಸದ ಬೀಜವಿತ್ತೆಂದರೆ ಅತಿಶಯೋಕ್ತಿಯಾಗದು.

ಕ್ರಾಸ್ಬಿಯ ಪ್ರತಿಮೆಗಳೂ ಅದೇ ಬಗೆಯ ಅಚ್ಚಿನಿಂದ ಬಂದವು. ೧೯೯೫ರ ಮೇ ೧೯ರಿಂದ ಜುಲೈ ೧೦ರವರೆಗೆ ಗಾರ್ಮ್ಲಿ ತಮ್ಮ ಸ್ವಂತ ಮೈಯಿಂದಲೇ ೧೭ ಅಚ್ಚುಗಳನ್ನು ತೆಗೆಸಿದರು. ಬರಿಮೈಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಅದರ ಮೇಲೆ ಒದ್ದೆ ಪ್ಲಾಸ್ಟರಿನ ಪಟ್ಟಿಗಳನ್ನು ಹಾಸಿ, ಅದು ಬಿಗಿಯುವವರೆಗೆ ಅಲುಗದೆ ನಿಲ್ಲಬೇಕು. ಬಳಿಕ ಚಿಪ್ಪನ್ನು ಕತ್ತರಿಸಿ ಮನುಷ್ಯನನ್ನು ಹೊರಗೆ ತೆಗೆಯುವರು. ಆ ಚಿಪ್ಪಿನ ಒಳಗಿನ ಆಕಾರವೇ ಮುಂದೆ ಎರಕದ ಮನೆಯಲ್ಲಿ ಕಬ್ಬಿಣವಾಗುತ್ತದೆ.

ಹದಿನೇಳೂ ಒಂದೇ ನಿಲುವಿನವಾದರೂ ತಾಳ್ಮೆಯಿಂದ ನೋಡಿದವರಿಗೆ ಅವುಗಳ ಭೇದ ತಿಳಿಯುತ್ತದೆ. ಒಂದರ ಎದೆ ಗಾಳಿ ತುಂಬಿ ಉಬ್ಬಿದೆ; ಮತ್ತೊಂದರಲ್ಲಿ ಉಸಿರು ಹೊರಗೆ ಹೋಗಿ ಭುಜಗಳು ತುಸು ಇಳಿದಿವೆ. ಒಂದು ಬಿಗಿಯಾಗಿದೆ, ಇನ್ನೊಂದು ಸಡಿಲವಾಗಿದೆ. ಗ್ರೀಕರ ಶಿಲ್ಪಗಳಂತೆ ಇಲ್ಲಿ ಓಡುವವನಿಲ್ಲ, ಚಕ್ರ ಎಸೆಯುವವನಿಲ್ಲ. ಚಲನೆಯೆಂದರೆ ಉಸಿರು ಮಾತ್ರ. ಅದೂ ೧೯೯೫ರ ಬೇಸಿಗೆಯ ಒಂದು ಗಳಿಗೆಯಲ್ಲಿ ತಡೆದು ನಿಂತ ಉಸಿರು.

ಕಾಲವನ್ನು ಅಳೆಯುವ ನೀರು

ಪ್ರತಿಮೆಗಳು ಹೀಗೆ ನಿಂತಿರಲು, ಅವುಗಳ ಸುತ್ತಣ ಸಮಸ್ತವೂ ಚಲಿಸುತ್ತದೆ. ಲಿವರ್‌ಪೂಲಿನ ಕಡಲಿನ ಉಬ್ಬರವಿಳಿತ ಬ್ರಿಟನ್ನಿನಲ್ಲಿಯೇ ದೊಡ್ಡವುಗಳ ಸಾಲಿಗೆ ಸೇರಿದುದು. ಮಂಗಳೂರಿನ ಕಡಲಲ್ಲಿ ಏರಿದ ನೀರಿಗೂ ಇಳಿದ ನೀರಿಗೂ ಇರುವ ಅಂತರ ಎರಡು ಮೀಟರನ್ನು ಮುಟ್ಟುವುದೂ ಅಪರೂಪ. ಇಲ್ಲಾದರೋ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ೮ ಮೀಟರನ್ನು ಮೀರುತ್ತದೆ. ತೀರ ಚಪ್ಪಟೆಯಾದುದರಿಂದ ನೀರು ಇಳಿದಾಗ ಕಣ್ಣು ಹಾಯುವಷ್ಟು ದೂರ ಮರಳು ಬಯಲಾಗುತ್ತದೆ. ಏರುವಾಗ ಅಷ್ಟೇ ವೇಗದಿಂದ ಮುಚ್ಚಿಹೋಗುತ್ತದೆ.

ನೀರು ಏರತೊಡಗಿದ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕುಳಿತು, ದೂರದ ಒಂದು ಪ್ರತಿಮೆಯನ್ನು ಗುರುತಿಟ್ಟುಕೊಂಡು ನೋಡಬೇಕು. ಮೊದಲು ಹಿಮ್ಮಡಿ ತೋಯುತ್ತದೆ. ಮಕ್ಕಳಿಗೆ ಬುತ್ತಿ ಬಿಚ್ಚಿಕೊಟ್ಟು ತಲೆ ಎತ್ತುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿರುತ್ತದೆ. ಆಮೇಲೆ ಸೊಂಟ, ಎದೆ, ಕುತ್ತಿಗೆ. ಕೊನೆಗೆ ಅಲೆಗಳ ನಡುವೆ ಒಂದು ಕಪ್ಪು ತಲೆ ಕಂಡೂ ಕಾಣದಂತಾಗಿ, ಅದೂ ಇಲ್ಲವಾಗುತ್ತದೆ. ಕಬ್ಬಿಣವೆಂದು ಬುದ್ಧಿಗೆ ಚೆನ್ನಾಗಿ ಗೊತ್ತಿದ್ದರೂ ಆ ಗಳಿಗೆಯಲ್ಲಿ ನೋಡುವವರ ಉಸಿರು ಕಟ್ಟುತ್ತದೆ. ಮುಳುಗುತ್ತಿರುವುದು ನಮ್ಮ ಅಳತೆಯ, ನಮ್ಮ ಎತ್ತರದ ಮೈ. ಅಡಿ ಅಂಗುಲಗಳ ಲೆಕ್ಕದಲ್ಲಿ ಹೇಳಿದ್ದರೆ ಮನಸ್ಸಿಗೆ ತಾಗದ ಉಬ್ಬರ, ಮಂಡಿ ಸೊಂಟ ಕುತ್ತಿಗೆಗಳ ಲೆಕ್ಕದಲ್ಲಿ ಹೇಳಿದಾಗ ತಾಗುತ್ತದೆ. ಆರು ಗಂಟೆಗಳಲ್ಲಿ ಹೋದವರು ಮುಂದಿನ ಆರು ಗಂಟೆಗಳಲ್ಲಿ, ತಲೆಯಿಂದ ತೊಡಗಿ, ನೀರು ಸುರಿಸುತ್ತ ಹಿಂದಿರುಗುತ್ತಾರೆ.

ನೀರಿನ ಈ ಲೆಕ್ಕವನ್ನು ಇಡುವುದರಲ್ಲಿ ಲಿವರ್‌ಪೂಲಿಗೆ ಹಳೆಯ ಕೀರ್ತಿಯಿದೆ. ಇಲ್ಲಿನ ಹಡಗುಕಟ್ಟೆಯ ಅಧಿಕಾರಿಯಾಗಿದ್ದ ವಿಲಿಯಂ ಹಚಿನ್‌ಸನ್ ೧೭೬೪ರಿಂದ ೧೭೯೩ರವರೆಗೆ ಉಬ್ಬರದ ಹೊತ್ತು ಮತ್ತು ಎತ್ತರಗಳನ್ನು ಬರೆದಿಟ್ಟರು. ನದಿಯ ಆಚೆಯ ದಡದ ಬಿಡ್‌ಸ್ಟನ್ ವೇಧಶಾಲೆಯಲ್ಲಿ ಗಣಿತಜ್ಞ ಆರ್ಥರ್ ಡೂಡ್ಸನ್ ಅವರು ಹಿತ್ತಾಳೆಯ ಚಕ್ರ, ರಾಟೆಗಳ ಯಂತ್ರಗಳಿಂದ ಉಬ್ಬರವನ್ನು ಮುಂಚಿತವಾಗಿ ಎಣಿಸುತ್ತಿದ್ದರು. ೧೯೪೪ರ ಜೂನಿನಲ್ಲಿ ಮಿತ್ರಪಕ್ಷದ ಸೇನೆ ನಾರ್ಮಂಡಿಯ ತೀರದಲ್ಲಿ ಇಳಿಯಲು ಬೇಕಾದ ನೀರಿನ ಲೆಕ್ಕವೂ ಅಲ್ಲಿಯೇ ಸಿದ್ಧವಾಯಿತು. ಯಾವ ತೀರದ ಲೆಕ್ಕವೆಂಬುದನ್ನು ಅವರಿಗೆ ಹೇಳಿರಲಿಲ್ಲ. ಆ ಯಂತ್ರಗಳನ್ನು ಈಗ ಲಿವರ್‌ಪೂಲಿನ ರಾಷ್ಟ್ರೀಯ ಸಾಗರವಿಜ್ಞಾನ ಕೇಂದ್ರದಲ್ಲಿ ಜೋಪಾನ ಮಾಡಲಾಗಿದೆ.

ಹೊರಟವರ ತೀರ

ಈ ನೂರು ಮಂದಿ ಮೊದಲಿನಿಂದಲೂ ಕ್ರಾಸ್ಬಿಯವರಲ್ಲ. ೧೯೯೭ರಲ್ಲಿ ಜರ್ಮನಿಯ ಕುಕ್ಸ್‌ಹಾಫೆನ್ ತೀರದಲ್ಲಿ ಮೊದಲು ನಿಂತರು. ೧೯೯೮ರಲ್ಲಿ ನಾರ್ವೆಯ ಸ್ಟಾವಾಂಗರ್, ೨೦೦೩ರಲ್ಲಿ ಬೆಲ್ಜಿಯಮ್ಮಿನ ದ ಪಾನ್ನೆ. ೨೦೦೫ರಲ್ಲಿ ಇಲ್ಲಿಗೆ ಬಂದರು. ಊರೂರು ಸುತ್ತಿ ಬಂದ ವಲಸೆಗಾರರೆನ್ನಬೇಕು.

ಅವರಿಗೆ ಇದಕ್ಕಿಂತ ತಕ್ಕ ತಾಣ ದೊರೆಯುವುದು ಕಷ್ಟ. ೧೮೩೦ರಿಂದ ೧೯೩೦ರವರೆಗಿನ ನೂರು ವರ್ಷಗಳಲ್ಲಿ ಸುಮಾರು ೯೦ ಲಕ್ಷ ಜನ ಲಿವರ್‌ಪೂಲಿನಿಂದ ಹಡಗೇರಿ ಅಮೆರಿಕ, ಕೆನಡ, ಆಸ್ಟ್ರೇಲಿಯಗಳಿಗೆ ಹೋದರು. ಬರಗಾಲಕ್ಕೆ ಸಿಕ್ಕಿದ ಐರಿಷರು, ಬಡತನದಿಂದಲೂ ಹಿಂಸೆಯಿಂದಲೂ ಪಾರಾಗಬಯಸಿದ ಯುರೋಪಿನವರು, ಹೊಸ ನೆಲದ ಆಸೆಯ ಆಂಗ್ಲರು, ಎಲ್ಲರ ಹಡಗುಗಳೂ ಈ ಮರಳಿನ ಮುಂದೆಯೇ ಸಾಗಿದುವು. ತೀರದ ದಕ್ಷಿಣ ತುದಿಯ ವಾಟರ್‌ಲೂ ಬಡಾವಣೆಯಲ್ಲಿ, ಟೈಟಾನಿಕ್ ಹಡಗಿನ ಕಪ್ತಾನ ಎಡ್ವರ್ಡ್ ಸ್ಮಿತ್ ಒಂದು ಕಾಲದಲ್ಲಿ ವಾಸವಾಗಿದ್ದ ಮನೆಯಿದೆ. ಬಿಟ್ಟುಹೋಗುವ ದುಃಖ, ಬೇರೆಡೆ ಕಾದಿರುವ ಬಾಳಿನ ಭರವಸೆ, ಎರಡೂ ಕೂಡಿದ ಮನಃಸ್ಥಿತಿಯನ್ನೇ ಶಿಲ್ಪಿ ತಮ್ಮ ಕೃತಿಯ ಹೆಸರಿನಲ್ಲಿ ಇರಿಸಿದ್ದಾರೆ.

ಇಂದು ಆ ದೃಶ್ಯದಲ್ಲಿ ಹಡಗುಗಳಿವೆ, ಪ್ರಯಾಣಿಕರ ಗುಂಪಿಲ್ಲ. ಸರಕಿನ ಪೆಟ್ಟಿಗೆಗಳನ್ನು ಏಳೆಂಟು ಅಂತಸ್ತಿಗೆ ಪೇರಿಸಿಕೊಂಡ ಹಡಗುಗಳು ಸೀಫೋರ್ತ್ ಬಂದರಿನ ಭಾರಿ ಕ್ರೇನುಗಳ ಕಡೆಗೆ ಮೆಲ್ಲನೆ ಬರುತ್ತವೆ. ಕಡಲಿನ ನಡುವೆ ಬರ್ಬೊ ಬ್ಯಾಂಕಿನ ಗಾಳಿಯಂತ್ರಗಳು ತಿರುಗುತ್ತವೆ. ೨೦೦೭ರಲ್ಲಿ ೨೫, ೨೦೧೭ರಲ್ಲಿ ಮತ್ತೆ ೩೨. ತಿರುಗುವ ರೆಕ್ಕೆಗಳ ಮುಂದೆ ನಿಶ್ಚಲವಾದ ತಲೆಗಳನ್ನು ನೋಡುವುದು ಒಂದು ವಿಚಿತ್ರ ಅನುಭವ.

ಇರಲಿ ಎಂದವರು, ಬೇಡವೆಂದವರು

ಪ್ರತಿಮೆಗಳು ಇಲ್ಲಿ ಸದಾಕಾಲ ನಿಲ್ಲುವುದೆಂದು ಮೊದಲು ಗೊತ್ತುಪಡಿಸಿರಲಿಲ್ಲ. ೨೦೦೬ರ ಕೊನೆಗೆ ಅವು ನ್ಯೂಯಾರ್ಕಿಗೆ ಹೋಗಬೇಕಾಗಿತ್ತು. ಆ ವೇಳೆಗೆ ಊರಿನ ಅನೇಕರಿಗೆ ಅವುಗಳ ಮೇಲೆ ಮಮತೆ ಹುಟ್ಟಿತ್ತು. ಹೊರಗಿನಿಂದ ಬರುವ ಜನರಿಂದ ವ್ಯಾಪಾರವೂ ಬೆಳೆದಿತ್ತು. ಇಲ್ಲಿಯೇ ಉಳಿಸಿಕೊಳ್ಳೋಣವೆಂಬ ಮಾತು ಎದ್ದಿತು. ಆದರೆ ೨೦೦೬ರ ಅಕ್ಟೋಬರಿನಲ್ಲಿ ಸೆಫ್ಟನ್ ಸ್ಥಳೀಯ ಆಡಳಿತ ಒಪ್ಪಿಗೆಯನ್ನು ನಿರಾಕರಿಸಿತು.

ವಿರೋಧಿಸಿದವರು ಕಲೆಯ ಶತ್ರುಗಳೇನೂ ಆಗಿರಲಿಲ್ಲ. ಸಣ್ಣ ದೋಣಿಗಳನ್ನು ನಡೆಸುವವರಿಗೆ ನೀರಿನಡಿಯ ಕಬ್ಬಿಣ ಅಪಾಯ. ಗಾಳ ಹಾಕುವವರಿಗೆ ತೊಡಕು. ಚಳಿಗಾಲದಲ್ಲಿ ಈ ಕೆಸರಿನಲ್ಲಿ ಆಹಾರ ಹುಡುಕುವ ಸಾವಿರಾರು ಹಕ್ಕಿಗಳಿಗೆ ಜನಸಂದಣಿಯಿಂದ ಉಪದ್ರವ. ಎಲ್ಲಕ್ಕಿಂತ ಮುಖ್ಯವಾಗಿ, ತೀರರಕ್ಷಕರ ಭಯ ಪ್ರಾಣಗಳನ್ನು ಕುರಿತದ್ದು. ಪ್ರತಿಮೆಯೊಂದು ದೂರದಲ್ಲಿ ನಿಂತಿದ್ದರೆ ಅದರ ಬಳಿಗೆ ಹೋಗಿ ಮುಖ ನೋಡಬೇಕೆಂಬ ಆಸೆ ಸಹಜ. ಒಂದನ್ನು ಮುಟ್ಟಿದವರಿಗೆ ಮುಂದಿನದು ಕಾಣುತ್ತದೆ. ಹೀಗೆ ಹೋಗುತ್ತಿರುವಾಗ ಕಾಲು ಮೆತ್ತನೆಯ ಕೆಸರಿನಲ್ಲಿ ಹೂಳಬಹುದು. ಅಷ್ಟರಲ್ಲಿ ನೀರು ಬೆನ್ನ ಹಿಂದಿನಿಂದಲೂ ತುಂಬಿಕೊಳ್ಳಬಹುದು. ಕಬ್ಬಿಣದವನು ನೀರಿಳಿದ ಮೇಲೆ ಮತ್ತೆ ಎದ್ದು ಬರುತ್ತಾನೆ, ಜೊತೆಯಲ್ಲಿ ನಿಂತ ಮನುಷ್ಯ ಬರಲಾರ.

ಮಾತುಕತೆಗಳು ನಡೆದು, ಕೆಲವು ಪ್ರತಿಮೆಗಳನ್ನು ದೋಣಿಗಳ ಮತ್ತು ಹಕ್ಕಿಗಳ ಜಾಗದಿಂದ ಬೇರೆಡೆಗೆ ಸರಿಸುವುದೆಂದು ಒಪ್ಪಂದವಾಗಿ, ೨೦೦೭ರ ಮಾರ್ಚಿನಲ್ಲಿ ಖಾಯಂ ಅನುಮತಿ ದೊರೆಯಿತು. ಎರಡು ಪಕ್ಷಗಳಿಗೂ ನ್ಯಾಯವಿತ್ತೆಂಬುದು ಇಂದು ತೀರದಲ್ಲಿ ನಿಂತಾಗಲೂ ತಿಳಿಯುತ್ತದೆ. ಅಪಾಯ ಹೋಗಿಲ್ಲ, ಎಚ್ಚರಿಕೆಯ ಫಲಕಗಳು ಬಂದಿವೆ.

ಊರಿನವರು ಅವುಗಳನ್ನು ತಮ್ಮವರನ್ನಾಗಿ ಮಾಡಿಕೊಂಡ ರೀತಿ ತಮಾಷೆಯಾಗಿದೆ. ಕ್ರಿಸ್‌ಮಸ್ ಬಂತೆಂದರೆ ಯಾರೋ ಒಂದಕ್ಕೆ ಕೆಂಪು ಟೋಪಿ ತೊಡಿಸಿರುತ್ತಾರೆ. ಫುಟ್‌ಬಾಲ್ ಪಂದ್ಯದ ದಿನಗಳಲ್ಲಿ ಒಂದರ ಮೈಮೇಲೆ ತಂಡದ ಅಂಗಿ ಬರುತ್ತದೆ. ಮಗುವೊಂದು ತನ್ನ ಕೈಯನ್ನು ಕಬ್ಬಿಣದ ಕೈಯೊಳಗೆ ಇಟ್ಟು ನಿಂತರೆ ತಾಯಿ ಚಿತ್ರ ತೆಗೆಯುತ್ತಾಳೆ.

ಕಬ್ಬಿಣಕ್ಕೂ ಮುಪ್ಪು

ಖಾಯಂ ಎಂಬ ಮಾತನ್ನು ಮನುಷ್ಯರ ಕಚೇರಿ ಬರೆದುಕೊಟ್ಟಿತು. ಕಡಲು ಅದಕ್ಕೆ ರುಜು ಹಾಕಿಲ್ಲ. ಉಪ್ಪುನೀರು ಕಬ್ಬಿಣವನ್ನು ಇಪ್ಪತ್ತು ವರ್ಷಗಳಿಂದ ತಿನ್ನುತ್ತಲೇ ಇದೆ. ತುಕ್ಕು ಪದರಪದರವಾಗಿ ಏಳುತ್ತದೆ. ಎರಕದ ಹೊಸತರಲ್ಲಿ ಸ್ಪಷ್ಟವಾಗಿದ್ದ ಮುಖಗಳ ಗೆರೆಗಳು ಮಸುಕಾಗಿವೆ. ದಡದ ಬಳಿಯವರ ಮೈ ಕೆಂಗಂದು. ದೂರ ನಿಂತವರ ಮೈಯೆಲ್ಲ ಪಾಚಿ, ಚಿಪ್ಪು.

ಈ ಚಿಪ್ಪುಗಳ ಕಥೆಯೂ ಕೇಳತಕ್ಕದ್ದು. ಹಡಗಿನ ತಳಕ್ಕೂ ಬಂಡೆಗೂ ಕಚ್ಚಿಕೊಂಡು ಬಾಳುವ, ಬಾರ್ನಕಲ್ ಎಂಬ ಸಣ್ಣ ಜೀವಿಗಳಿವು. ಪ್ರತಿಮೆಗಳ ಕಾಲುಗಳನ್ನು ಹೆಚ್ಚಾಗಿ ಹತ್ತಿಕೊಂಡಿರುವ ಜಾತಿ ಬ್ರಿಟನ್ನಿನದಲ್ಲ. ಆಸ್ಟ್ರೇಲಿಯ ನ್ಯೂಜಿಲೆಂಡುಗಳ ಕಡಲಿನ ಆ ಜೀವಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿತು. ಒಂದು ಕಾಲದಲ್ಲಿ ಮನುಷ್ಯರು ಈ ಬಂದರಿನಿಂದ ಆಸ್ಟ್ರೇಲಿಯಕ್ಕೆ ಹೋದರು. ಅಲ್ಲಿನ ಚಿಪ್ಪುಹುಳು ಇಲ್ಲಿಗೆ ಬಂದು, ಹೋದವರ ನೆನಪಿಗೆ ನಿಲ್ಲಿಸಿದ ಮೈಗಳನ್ನೇ ಮನೆ ಮಾಡಿಕೊಂಡಿದೆ.

ಬೆತ್ತಲೆ ನಿಂತ ಮೈ, ಕಾಲುಗಳನ್ನು ಹತ್ತುವ ಜೀವ, ಅಲುಗದ ದೃಷ್ಟಿ: ಇಷ್ಟನ್ನು ನೋಡಿದ ಕನ್ನಡಿಗನಿಗೆ ಶ್ರವಣಬೆಳಗೊಳದ ಗೊಮ್ಮಟನ ನೆನಪಾಗದಿರದು. ಎರಡಕ್ಕೂ ನಂಟೇನೂ ಇಲ್ಲ. ಆದರೆ ಹೋಲಿಸಿದರೆ ಎರಡರ ಸ್ವಭಾವವೂ ಹೆಚ್ಚು ಸ್ಪಷ್ಟವಾಗುತ್ತದೆ. ಬಾಹುಬಲಿಯ ತೊಡೆ ತೋಳುಗಳ ಬಳ್ಳಿಯನ್ನೂ ಕಾಲಿನ ಬಳಿಯ ಹುತ್ತವನ್ನೂ ಶಿಲ್ಪಿಯೇ ಕಡೆದ. ತಪಸ್ಸಿನಲ್ಲಿ ಸಂದ ಕಾಲವನ್ನು ಕಲ್ಲಿನಲ್ಲಿ ನಮಗೆ ತಿಳಿಸಿದ. ಆ ಮುಖ ಲೋಕವನ್ನು ಗೆದ್ದವನದು. ಕ್ರಾಸ್ಬಿಯಲ್ಲಿ ಶಿಲ್ಪಿ ಮೈಯನ್ನು ನಿಲ್ಲಿಸಿ ಹೊರಟುಹೋದರು. ಬಳ್ಳಿ ಹಬ್ಬಿಸುವ ಕೆಲಸವನ್ನು ಕಡಲೇ ವಹಿಸಿಕೊಂಡಿದೆ. ಈ ನೂರು ಮಂದಿ ಏನನ್ನೂ ಗೆದ್ದವರಲ್ಲ. ನಮ್ಮ ನಿಮ್ಮಂತೆ ನಿಂತು, ಕಾಯುತ್ತ, ಸವೆಯುತ್ತಿರುವವರು.

ಎಂಟು ಸಾವಿರ ವರ್ಷದ ಹೆಜ್ಜೆಗಳು

ತೀರದ ಉತ್ತರ ಭಾಗದಲ್ಲಿ, ಹಾಲ್ ರೋಡಿನಿಂದ ಹೈಟೌನಿನ ಕಡೆಗೆ ನಡೆದರೆ ಮರಳಿನ ಮೇಲೆ ಇಟ್ಟಿಗೆಯ ರಾಶಿಗಳು ಸಿಗುತ್ತವೆ. ಅಂಚುಗಳೆಲ್ಲ ಸವೆದು ಇಟ್ಟಿಗೆಗಳು ಮೊಟ್ಟೆಯಂತೆ ನುಣುಪಾಗಿವೆ. ನಡುವೆ ಕೆತ್ತನೆಯ ಕಲ್ಲು, ಬಾಗಿಲುಗಳ ಚೌಕಟ್ಟಿನ ತುಂಡು. ೧೯೪೧ರಲ್ಲಿ ಜರ್ಮನ್ ವಿಮಾನಗಳ ಬಾಂಬುಗಳಿಂದ ಉರುಳಿದ ಲಿವರ್‌ಪೂಲಿನ ಮನೆಗಳು ಇವು. ಅವಶೇಷಗಳನ್ನು ಕಡಲಕೊರೆತ ತಡೆಯಲೆಂದು ತಂದು ಇಲ್ಲಿ ಸುರಿದರು.

ಇನ್ನೂ ಕೆಲವು ಮೈಲಿ ಉತ್ತರಕ್ಕೆ, ಅದೇ ರೈಲು ದಾರಿಯಲ್ಲಿ, ಫಾರ್ಮ್ಬಿ ಎಂಬ ಊರಿದೆ. ಅಲ್ಲಿನ ತೀರದಲ್ಲಿ ಕಡಲು ಮರಳನ್ನು ಕೊರೆದಾಗ ಅಡಿಯ ಗಟ್ಟಿ ಕೆಸರಿನ ಪದರಗಳು ಹೊರಬೀಳುತ್ತವೆ. ಅವುಗಳ ಮೇಲೆ ಬರಿಗಾಲಿನ ಹೆಜ್ಜೆಗಳಿವೆ: ಗಂಡಸರು, ಹೆಂಗಸರು, ಮಕ್ಕಳು. ಜೊತೆಗೆ ಕೆಂಪು ಜಿಂಕೆ, ಇಂದು ಭೂಮಿಯಲ್ಲಿಲ್ಲದ ಕಾಡುದನ, ಕೊಕ್ಕರೆಯ ಜಾತಿಯ ದೊಡ್ಡ ಹಕ್ಕಿ, ಇವುಗಳ ಗುರುತುಗಳೂ ಇವೆ. ಊರಿನ ನಿವೃತ್ತ ಉಪಾಧ್ಯಾಯ ಗಾರ್ಡನ್ ರಾಬರ್ಟ್ಸ್ ೧೯೮೯ರಿಂದ ವರ್ಷಗಟ್ಟಲೆ ತೀರದಲ್ಲಿ ಅಲೆದು ಅವನ್ನು ಗುರುತಿಸಿ, ಅಳೆದು, ಚಿತ್ರ ತೆಗೆದು ಇಟ್ಟರು. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಅತ್ಯಂತ ಹಳೆಯ ಪದರಗಳ ವಯಸ್ಸು ಎಂಟರಿಂದ ಒಂಬತ್ತು ಸಾವಿರ ವರ್ಷ.

ಒದ್ದೆ ಕೆಸರಿನಲ್ಲಿ ಬಿದ್ದ ಹೆಜ್ಜೆಯನ್ನು ಬಿಸಿಲು ಒಣಗಿಸಿತು, ಮೇಲೆ ಮರಳು ಹೂಳು ಬಂದು ಮುಚ್ಚಿದುವು, ಅದರಿಂದ ಉಳಿಯಿತು. ಪ್ಲಾಸ್ಟರಿನಲ್ಲಿ ಗಾರ್ಮ್ಲಿ ತಮ್ಮ ಮೈಯ ಅಚ್ಚನ್ನು ತೆಗೆಸಿದಂತೆಯೇ, ಇಲ್ಲಿ ನೆಲ ತಾನಾಗಿಯೇ ಅಚ್ಚು ತೆಗೆಯಿತು. ಭೇದವಿಷ್ಟೆ: ಅವರದು ನಿಂತವನ ಅಚ್ಚು, ಇದು ನಡೆದವರದು. ಬೆರಳುಗಳ ನಡುವೆ ಕೆಸರು ಮೇಲೆದ್ದ ಗುರುತಿನಿಂದ ಭಾರ ಯಾವ ಕಡೆಗೆ ವಾಲಿತೆಂದು ಹೇಳಬಹುದು. ಹೆಜ್ಜೆಗಳ ಅಂತರದಿಂದ ನಡಿಗೆಯ ವೇಗವನ್ನು ತಿಳಿಯಬಹುದು. ಸಣ್ಣ ಕಾಲುಗಳ ಗುರುತುಗಳು ಒಂದೇ ಕಡೆ ಗೊಂದಲವಾಗಿ ತುಳಿದಾಡಿವೆ; ಮಕ್ಕಳು ಅಂದೂ ಕೆಸರಿನಲ್ಲಿ ಆಡುತ್ತಿದ್ದರು.

ಸಾವಿರಾರು ವರ್ಷ ಅಡಗಿದ್ದ ಈ ಹೆಜ್ಜೆಗಳು ಒಮ್ಮೆ ಹೊರಬಿದ್ದರೆ ಹೆಚ್ಚು ದಿನ ಬಾಳುವುದಿಲ್ಲ. ತೋರಿಸಿದ ಕಡಲೇ ಕೆಲವು ಉಬ್ಬರಗಳಲ್ಲಿ ಅವನ್ನು ಕರಗಿಸಿಬಿಡುತ್ತದೆ. ತೆಗೆದಿಡಲು ಬರುವುದಿಲ್ಲ, ಕಂಡವರು ನೋಡಿ, ಅಳತೆ ಬರೆದುಕೊಳ್ಳುವುದಷ್ಟೇ ದಾರಿ. ರಾಬರ್ಟ್ಸ್ ಅವರ ಪರಿಶ್ರಮದ ಬೆಲೆ ಇದರಿಂದ ತಿಳಿಯುತ್ತದೆ. ಅವರು ಲೆಕ್ಕ ಹಾಕಿದ ಅನೇಕ ಹೆಜ್ಜೆಸಾಲುಗಳು ಈಗ ಅವರ ಕಾಗದಗಳಲ್ಲಿ ಮಾತ್ರ ನಡೆಯುತ್ತಿವೆ.

ಕ್ರಾಸ್ಬಿ, ಫಾರ್ಮ್ಬಿಗಳೆರಡನ್ನೂ ಒಂದೇ ದಿನ ನೋಡಬಹುದು. ಹೊರಡುವ ಮುನ್ನ ಆ ದಿನದ ಉಬ್ಬರವಿಳಿತದ ಪಟ್ಟಿಯನ್ನು ನೋಡಿಕೊಳ್ಳುವುದು ಅವಶ್ಯ. ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು ಹನ್ನೆರಡೂ ಕಾಲು ಗಂಟೆಗಳ ಮೇಲೆ ಕೆಲವು ನಿಮಿಷಗಳಾಗುವುದರಿಂದ, ನಿನ್ನೆಯ ಹೊತ್ತು ಇಂದಿಗೆ ಸಲ್ಲುವುದಿಲ್ಲ. ಕಟ್ಟೆಯಿಂದ ೫೦ ಮೀಟರಿಗಿಂತ ಆಚೆ ಹೋಗಬಾರದು, ದೂರದ ಪ್ರತಿಮೆಗಳ ಬಳಿಗೆ ನಡೆಯಲೇಬಾರದು ಎಂಬುದು ಅಲ್ಲಿನ ಆಡಳಿತದ ಸೂಚನೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಅಕ್ಷರಶಃ ಪಾಲಿಸಬೇಕು. ಹತ್ತಿರ ನಿಂತಿರುವ ಪ್ರತಿಮೆಗಳೇ ಕೈಯಲ್ಲಿ ಮುಟ್ಟಿ ನೋಡಲು ಸಾಕಷ್ಟಿವೆ. ಬೆಚ್ಚನೆಯ ಉಡುಪು, ಒದ್ದೆಯಾದರೆ ಚಿಂತೆಯಿಲ್ಲದ ಪಾದರಕ್ಷೆ ಇದ್ದರೆ ಒಳ್ಳೆಯದು.

ಸಂಜೆಯ ಹೊತ್ತು ನೀರು ಇಳಿಯುವ ದಿನವನ್ನು ಆರಿಸಿಕೊಂಡರೆ ಮತ್ತೂ ಉತ್ತಮ. ಸೂರ್ಯ ಕಬ್ಬಿಣದವರು ನೋಡುತ್ತಿರುವ ದಿಕ್ಕಿನಲ್ಲಿಯೇ ಮುಳುಗುತ್ತಾನೆ. ಒದ್ದೆ ಮರಳಿನ ಮೇಲೆ ಅವರ ನೆರಳುಗಳು ನಮ್ಮ ಕಡೆಗೆ ಉದ್ದವಾಗಿ ಚಾಚುತ್ತವೆ. ಅವುಗಳ ನಡುವೆ ಬಂದವರ ಹೆಜ್ಜೆಗಳು, ನಾಯಿಗಳ ಹೆಜ್ಜೆಗಳು, ಹಕ್ಕಿಗಳ ಹೆಜ್ಜೆಗಳು ಅಚ್ಚೊತ್ತಿರುತ್ತವೆ. ರಾತ್ರಿಯ ಉಬ್ಬರ ಅವೆಲ್ಲವನ್ನೂ ಅಳಿಸುತ್ತದೆ. ಬೆಳಗ್ಗೆ ನೀರು ಹಿಂದೆ ಸರಿದಾಗ ನೂರು ಮಂದಿ ಮಾತ್ರ, ಹಿಂದಿನ ದಿನಕ್ಕಿಂತ ಕೂದಲೆಳೆಯಷ್ಟು ಸವೆದು, ಅಲ್ಲಿಯೇ ನಿಂತಿರುತ್ತಾರೆ.